ಅರಚದ ಮರಿ

ಕುರಿ ಬರುವ ಹೊತ್ತಿಗೆ ಒಲೆಯ ಮೇಲೆ ಹಾಲಿತ್ತು. ಮರುದಿನ ಬೆಳಿಗ್ಗೆ ಶಿರಾ ಬಸ್ಸಿಗೆ ಮುಂಚೆ ಕೊಡಬೇಕಾದ ರವಿಕೆ ಹೊಲಿಗೆ ಮೆಷಿನ್ನಿನ ಸೂಜಿಗೆ ಸಿಕ್ಕಿಕೊಂಡೇ ಇತ್ತು. ಅತ್ತೆಯ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಯಾವುದು ಮೊದಲು ಎಂದು ಯೋಚಿಸುವುದೇ ಇನ್ನೊಂದು ಕೆಲಸವಾಗಿ, ವನಜಾಕ್ಷಿ ಔಷಧಿ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತೇಬಿಟ್ಟಿದ್ದಳು.

ಅತ್ತೆ ಕ್ಯಾತಮ್ಮನಿಗೆ ಹೋದ ವಾರ ಕಣ್ಣಿನ ಪೊರೆ ತೆಗೆದಿದ್ದರು. ಬಗ್ಗಬಾರದು, ಧೂಳಿಗೆ ಹೋಗಬಾರದು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತವಳನ್ನು ಹುಲಿಕುಂಟೆಯ ಹೆಂಗಸರು ಸಿನಿಮಾದವಳು ಎಂದು ರೇಗಿಸಿ ಹೋಗುತ್ತಿದ್ದರು. ಹಾಗಾಗಿ ಸಂಜೆ ಮರಿಗಳಿಗೆ ಹಾಲು ಕುಡಿಸುವುದೂ ವನಜಾಕ್ಷಿಯ ಪಾಲಿಗೆ ಬಂದಿತ್ತು. ಹಗಲೆಲ್ಲ ಮಂಕರಿ ಬುಟ್ಟಿಗಳ ಕೆಳಗೆ ಮುಚ್ಚಿಟ್ಟ ಮರಿಗಳನ್ನು ಒಂದೊಂದಾಗಿ ಎತ್ತಿಕೊಂಡು ಅವಳು ತಾಯಿ ಹುಡುಕುತ್ತಿದ್ದಳು. ಜೋರಾಗಿ ಅರಚುವುದಕ್ಕೆ ಮೊದಲ ಸರದಿ. ಅಷ್ಟರಲ್ಲಿ ಇನ್ನೊಂದು ಅದಕ್ಕಿಂತ ಜೋರಾಗಿ ಅರಚುತ್ತಿತ್ತು.

ಗಂಡ ರಂಗರಾಜು ಕುರಿಗಳನ್ನು ಜಗಲಿ ಪಕ್ಕದ ರೊಪ್ಪಕ್ಕೆ ಕೂಡಿದ. "ಕರೆಂಟ್ ಬಂದೈತೆ, ಮೋಟ್ರು ಹಾಕಿ ಬತ್ತೀನಿ. ಆ ಅವಳಿ ಮರೀಲಿ ಸಣ್ಣದು ನೋಡು. ಬೆಳಿಗ್ಗೆ ಕಾಲೇ ಊರ್ಲಿಲ್ಲ. ಈಗ್ಲೂ ಕುಡೀಲಿಲ್ಲ ಅಂದ್ರೆ ಉಳಿಯಕ್ಕಿಲ್ಲ."

ಅವನು ಹೋದ. ಬಾಟಲಿ ಸೆರಗಿಗೆ ಸಿಕ್ಕಿಸಿ ವನಜಾಕ್ಷಿ ರೊಪ್ಪಕ್ಕೆ ಇಳಿದಳು. ಮಂಕರಿಗಳೆಲ್ಲ ಒಟ್ಟಿಗೇ ಕೂಗುತ್ತಿದ್ದವು. ಕೈಗೆ ಸಿಕ್ಕ ಮರಿಯನ್ನು ಒಂದು ಕುರಿಯ ಹತ್ತಿರ ಬಿಟ್ಟಳು. ಅದು ಹಾಯ್ದು ಬೀಳಿಸಿತು. ಒಳಗೆ ಫೋನು ಹೊಡೆದುಕೊಂಡಿತು, ರವಿಕೆಯ ಕಮಲಾಕ್ಷಮ್ಮನೇ ಇರಬೇಕು. ವನಜಾಕ್ಷಿ ಧೂಳಿನಲ್ಲೇ ಕೂತಳು.

"ಅತ್ತೆ, ನನ್ ಕೈಲಿ ಆಗಕ್ಕಿಲ್ಲ."

"ಯಾವುದು?"

"ಎಲ್ಲಾ."

ಕ್ಯಾತಮ್ಮ ರೊಪ್ಪದ ಕಡೆ ಮುಖ ತಿರುಗಿಸಿದಳು. "ಮಂಕ್ರಿ ಎಲ್ಲಾ ಎತ್ತಾಕು."

"ಕಲ್ಸೋಯ್ತವೆ."

"ಅರಚೋವು ಅವರವ್ವನ್ನ ಅವೇ ಹುಡುಕ್ಕತ್ತವೆ ಕಣಮ್ಮ. ನಾನೇನು ಒಂದೊಂದ್ನೂ ಸೊಂಟದ ಮ್ಯಾಲೆ ಕೂರುಸ್ಕೊಂಡು ತಿರುಗ್ತಿದ್ನಾ?"

"ಮೊದಲೇ ಹೇಳಬಾರ್ದಿತ್ತಾ?"

"ನೀನು ಹೊತ್ಕೊಂಡು ತಿರುಗೋದು ಕಾಣಕ್ಕೆ ನಂಗೆ ಕಣ್ಣೈತಾ?"

ವನಜಾಕ್ಷಿ ಮಂಕರಿಗಳನ್ನು ಎತ್ತುತ್ತ ಹೋದಳು. ಧೂಳು, ಕಾಲು, ಕೂಗು. ಒಂದು ಮರಿ ಅವಳ ಪಾದ ತುಳಿದು ಓಡಿತು. ಆಮೇಲೆ ಸದ್ದು ಅಲ್ಲಲ್ಲಿ ನಿಲ್ಲತೊಡಗಿ, ಚಪ್ಪರಿಸುವ ಸದ್ದು ಕೇಳಿಸಿತು. ಮೂಲೆಯ ಮಂಕರಿ ಎತ್ತಿದ ಕಡೆ ಮಾತ್ರ ಅವಳಿಯಲ್ಲಿ ಸಣ್ಣದು ಹಾಗೇ ಮಲಗಿತ್ತು. ಅರಚಿರಲಿಲ್ಲ. ದಿನವೂ ಅದರ ಸರದಿ ಕೊನೆಗೆ ಬರುತ್ತಿತ್ತು. ಅಷ್ಟರಲ್ಲಿ ಜೊತೆಯದು ಹಾಲೆಲ್ಲ ಖಾಲಿ ಮಾಡಿರುತ್ತಿತ್ತು.

ಜೊತೆಯದನ್ನು ತಾಯಿಯ ಮೊಲೆಯಿಂದ ಎಳೆದು ಮಂಕರಿ ಮುಚ್ಚಿದಳು. ಒದೆಯುತ್ತಿದ್ದ ತಾಯಿಯನ್ನು ಮೊಣಕಾಲಿಂದ ಗೋಡೆಗೆ ಒತ್ತಿ, ಮರಿಯ ಬಾಯಿ ಬಿಡಿಸಿ ಮೊಲೆ ಇಟ್ಟು ಹಿಂಡಿದಳು. ಹಾಲು ಗದ್ದದಿಂದ ಸುರಿದುಹೋಯಿತು. ಮತ್ತೆ ಹಿಂಡಿದಳು.

"ಒಲೆ ಮ್ಯಾಲೆ ಹಾಲು ಸೀತಾ ಐತೆ," ಎಂದಳು ಕ್ಯಾತಮ್ಮ.

"ಸೀಯ್ಲಿ."

"ಫೋನು."

"ಹೊಡ್ಕಳ್ಳಿ."

"ನನ್ ಕಣ್ಣಿಂದು?"

"ಒಂಚೂರು ಸುಮ್ನಿರಿ ಅತ್ತೆ."

"ಸರಿ ಬುಡು."

ಎರಡು ಕೈಯೂ ಒಂದು ಕಾಲೂ ಸಿಕ್ಕಿಬಿದ್ದಿದ್ದವು. ಎಲ್ಲಿಗೆ ಏಳಬೇಕೆಂದರೂ ಏಳುವ ಹಾಗಿರಲಿಲ್ಲ. ಅವಳು ಕುರಿಯ ಬೆನ್ನಿಗೆ ಕೆನ್ನೆ ಇಟ್ಟಳು. ಉಣ್ಣೆಯಲ್ಲಿ ಬಿಸಿಲಿನ ಕಾವು ಇನ್ನೂ ಉಳಿದಿತ್ತು. ಬೆರಳ ಕೆಳಗೆ ಮರಿಯ ಗಂಟಲು ಗುಟುಕಿಗೆ ಒಮ್ಮೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಒಳಗೆ ಫೋನು ಹೊಡೆದುಕೊಂಡು ತಾನೇ ಸುಮ್ಮನಾಯಿತು.