ಸೂಜಿ ಮೈಗೆ, ಸೊಪ್ಪು ಹಠಕ್ಕೆ

ಕುಟ್ಟಾಣಿಯಲ್ಲಿ ಒಂದೆಲಗದ ಸೊಪ್ಪು ಅರ್ಧ ಜಜ್ಜಿದ ಮೇಲೆ ಸೊಸೆಗೆ ನೆನಪಾಯಿತು: ಇದನ್ನು ಕುಡಿಯುವ ಅತ್ತೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾರೆ. ಆದರೂ ಕೈ ನಿಲ್ಲಲಿಲ್ಲ. ಪೂರ್ತಿ ಜಜ್ಜಿ, ಹಿಂಡಿ, ಲೋಟಕ್ಕೆ ಸೋಸಿದಳು.

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಅತ್ತೆಯ ಹಿರಿಮಗಳು, ಮನೆಮಂದಿಗೆಲ್ಲ ಅಕ್ಕನೇ.

"ಇನ್ನೂ ಯಾರಿಗೆ ಕುಡಿಸ್ಬೇಕು ಅಂತಿದ್ದೀಯೇ?"

ಸೊಸೆ ಲೋಟಕ್ಕೆ ತಟ್ಟೆ ಮುಚ್ಚಿಟ್ಟಳು. ಬೆಳಗಿನಿಂದ ಬಂದವರಿಗೆಲ್ಲ ಅಕ್ಕ ಹೇಳುತ್ತಿದ್ದುದು ಇದನ್ನೇ: ಸಕ್ಕರೆ ಕಾಯಿಲೆಯವಳಿಗೆ ಸೊಪ್ಪಿನ ರಸ ಕುಡಿಸಿ ಕುಡಿಸಿ ಕಳೆದುಕೊಂಡೆವು. ಕೇಳಿದವರು ಸೊಸೆಯತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸುತ್ತಿದ್ದರು. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು ಎಂದು ಗಂಡ ಕೇಳಿಕೊಂಡಿದ್ದ.

*

ಅತ್ತೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಊರಿನ ಅರ್ಧ ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಈ ಕಾಯಿಲೆ ಕಣ್ಣು ತಿಂದೀತು, ಕಾಲು ತಿಂದೀತು ಎಂದಾಗ ಅಲುಗದವರು, ಮಿದುಳಿಗೂ ತಟ್ಟಬಹುದು ಎಂದು ಡಾಕ್ಟರು ಅಂದ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಳೆಯ ನಂಬರುಗಳನ್ನು ಗೊಣಗುತ್ತ ಬಂದರು. ಆ ವಾರವೇ ಮಹಡಿಯ ಮೇಲೆ ಒಂದೆಲಗದ ಕುಂಡಗಳು ಎದ್ದವು. ಇನ್ಸುಲಿನ್ ಮಾತ್ರ ಬಿಡಬೇಡಿ, ಸೊಪ್ಪಿನಿಂದ ನೆನಪು ಉಳಿಯುತ್ತದೆ ಎಂದು ನಾನಂತೂ ಹೇಳಲಾರೆ ಎಂದಿದ್ದರು ಡಾಕ್ಟರು.

"ಸೂಜಿ ಮೈಗೆ, ಸೊಪ್ಪು ನನ್ನ ಹಠಕ್ಕೆ" ಎಂದರು ಅತ್ತೆ. "ತಲೆ ಕದಿಯೋಕೆ ಬಂದ ಕಳ್ಳನಿಗೆ ಬಾಗಿಲು ತೆಗೆದು ಮಣೆ ಹಾಕ್ಲಾ?"

ನಂಬರುಗಳು ಒಂದೊಂದಾಗಿ ಹೋದವು. ಕೊನೆಗೊಮ್ಮೆ ಸೊಸೆಯನ್ನೇ ನೋಡಿ, "ನೀನ್ಯಾರಮ್ಮ?" ಎಂದರು.

"ಸೊಪ್ಪು ಜಜ್ಜೋಳು."

"ಹಾಗಾದ್ರೆ ನಮ್ಮವಳೇ. ಕೊಡು."

*

ಶವದ ವ್ಯಾನಿಗೆ ಕಾಯುತ್ತಿದ್ದಾಗ ಮಹಡಿಯಿಂದ ಮಡಕೆ ಒಡೆಯುವ ಸದ್ದು ಕೇಳಿತು. ಸೊಸೆ ಓಡಿದಳು. ಅಕ್ಕ ಬರಿಗಾಲಲ್ಲಿ ನಿಂತು ಕೊನೆಯ ಕುಂಡವನ್ನು ನೆಲಕ್ಕೆ ಕುಕ್ಕುತ್ತಿದ್ದರು.

"ನಮ್ಮಮ್ಮನ್ನ ತಿಂದ ಸೊಪ್ಪು ಇದು."

"ಒಂದು ದಿನಾನೂ ಸೂಜಿ ತಪ್ಪಿಸಿಲ್ಲ ಅಕ್ಕ. ಸೊಪ್ಪು ಸೋತಿರಬಹುದು, ಅತ್ತೆ ಸೋತಿಲ್ಲ. ಅವರನ್ನ ಪೆದ್ದಿ ಮಾಡಿ ಕಳಿಸೋಕೆ ನಾನು ಬಿಡಲ್ಲ."

ಕೆಳಗೆ ನೆರೆದವರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು. ಅಂಗಳದ ಗುಸುಗುಸು ನಿಂತಿತು.

ಅಕ್ಕ ಇನ್ನಷ್ಟು ಸಿಟ್ಟಿನಿಂದ ಬೈಯುತ್ತ ಆ ತುದಿಯಿಂದ ಈ ತುದಿಗೆ ನಡೆದು ಕಟ್ಟೆಯ ಮೇಲೆ ಕುಸಿದರು. ಅವರು ನಡೆದಲ್ಲೆಲ್ಲ ಸಿಮೆಂಟಿನ ಮೇಲೆ ರಕ್ತದ ಹೆಜ್ಜೆ. ಕುಂಡದ ಚೂರೊಂದು ಹಿಮ್ಮಡಿಯಲ್ಲಿ ನಾಟಿಕೊಂಡಿತ್ತು, ಅಕ್ಕನಿಗೆ ಅದರ ಅರಿವೇ ಇರಲಿಲ್ಲ. ಅತ್ತೆಯ ಕಾಯಿಲೆಯೂ ಮೊದಲು ಕಾಣಿಸಿದ್ದು ಹೀಗೆ, ನೋವು ಗೊತ್ತಾಗದ ಪಾದದಲ್ಲಿ.

ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇವರನ್ನು ರಕ್ತಪರೀಕ್ಷೆಗೆ ಕರೆದೊಯ್ಯುವುದೇ ಸೈ ಎಂದುಕೊಂಡಳು ಸೊಸೆ. ಬೈಯಲಿ, ಹೊಡೆಯಲಿ, ದರದರ ಎಳೆದುಕೊಂಡಾದರೂ ಸರಿ.

ಚೆಲ್ಲಿದ ಮಣ್ಣಿನಲ್ಲೇ ಕುಳಿತು, ಆ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಚೂರನ್ನು ಕಿತ್ತಳು. ಅಕ್ಕನ ಬೈಗುಳ ಒಂದಕ್ಷರವೂ ತಡವರಿಸಲಿಲ್ಲ.