ತಂಗಿಯ ಚೀಟಿಗಳು

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಬೆನ್ನ ಹಿಂದೆ ಕೆಂಪು ಪೆನ್ನು ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮದುವೆಯ ಕರೆಯೋಲೆ ಕೊಟ್ಟರೆ ನಿಂತ ಕಾಲಲ್ಲೇ ಎರಡು ತಪ್ಪು ತಿದ್ದಿ, ಆಮೇಲೆ ಹುಡುಗ ಏನು ಮಾಡುತ್ತಾನೆ ಎಂದು ವಿಚಾರಿಸುವ ಹೆಂಗಸು. ಇಂಗ್ಲಿಷಿನಲ್ಲಿ ಬರೆಯುವವರಿಗೂ ತಿದ್ದುವವರಿಗೂ ಆಕೆ ಮಾಡಿದ ಕೈಪಿಡಿ ನಾಲ್ಕು ಸಲ ಅಚ್ಚಾಗಿತ್ತು. ಎಡಗಡೆ ತಪ್ಪು ವಾಕ್ಯ, ಬಲಗಡೆ ಸರಿ ವಾಕ್ಯ, ಕೆಳಗೆ ಒಂದು ಸಾಲಿನ ಬೈಗುಳ. ತಪ್ಪುಗಳನ್ನು ತಾನು ಕಟ್ಟುವುದಿಲ್ಲ, ಜನ ನಿಜವಾಗಿ ಬರೆದದ್ದನ್ನೇ ಹೆಕ್ಕುತ್ತೇನೆ ಎಂದು ಆಕೆಗೆ ಹೆಮ್ಮೆ. ಹೆಕ್ಕಿದ್ದೆಲ್ಲ ಮರದ ಡ್ರಾಯರುಗಳಲ್ಲಿ ಚೀಟಿಗಳಾಗಿ, ತಪ್ಪಿನ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿಟ್ಟಿತ್ತು. ಪ್ರತಿ ಚೀಟಿಯ ಮೂಲೆಯಲ್ಲಿ ತಾರೀಖು, ಬರೆದವರ ಗುರುತು.

ಐದನೆಯ ಅಚ್ಚಿಗೆ ಪ್ರಕಾಶಕರು ಹೊಸ ತಕರಾರು ತೆಗೆದರು. ಇಪ್ಪತ್ತು ವರ್ಷಕ್ಕಿಂತ ಹಳೆಯ ಉದಾಹರಣೆ ಯಾವುದೂ ಬೇಡವಂತೆ. ಗೊಣಗುತ್ತಲೇ ಆಕೆ ಡ್ರಾಯರುಗಳನ್ನು ಉದ್ದನೆಯ ಮೇಜಿನ ಮೇಲೆ ಬೋರಲು ಹಾಕಿ, ಮೊದಲ ಬಾರಿಗೆ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಲು ಕೂತಳು. ಕೈಜೋಡಿಸಲು ತಂಗಿಯ ಮಗಳು ಮಧ್ಯಾಹ್ನ ಬರುವುದಿತ್ತು.

ಆ ಹುಡುಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಆರು ವರ್ಷದವಳಿದ್ದಾಗ ತಾಯಿ ಮನೆಯ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದಳು. ಕಾಲು ಜಾರಿತು ಎಂದು ತಂದೆ ಹೇಳಿದ, ಎಲ್ಲರೂ ಒಪ್ಪಿಕೊಂಡರು. ಹೋದ ತಿಂಗಳು ಅವನೂ ತೀರಿಕೊಂಡ ಮೇಲೆ ಹುಡುಗಿಗೆ ಒಂದೇ ಹಟ: ಅಮ್ಮ ಯಾರ ಹತ್ತಿರವೂ ಏನೂ ಹೇಳಿಕೊಳ್ಳಲಿಲ್ಲವೇ?

ಪ್ರತಿ ಸಲವೂ ದೊಡ್ಡಮ್ಮ ಒಂದೇ ಮಾತು ಹೇಳಿದ್ದಳು. “ನಂಗೆ ಒಂದು ಮಾತು ಹೇಳಿದ್ರೆ ನಾನು ಸುಮ್ನೆ ಕೂರ್ತಿದ್ನಾ?” ಅದನ್ನು ಆಕೆ ನಂಬಿಯೂ ಇದ್ದಳು.

ಹಳೆಯ ವರ್ಷಗಳಿಗೆ ಬಂದಾಗ ಮೂಲೆಯಲ್ಲಿ “ತಂ” ಎಂದಿದ್ದ ಚೀಟಿಗಳು ಒಂದರ ಹಿಂದೆ ಒಂದು ಬಂದವು. ತಂ ಎಂದರೆ ತಂಗಿ. ಮದುವೆಯಾಗಿ ಹೋದವಳು ಅಕ್ಕನಿಗೆ ಇಂಗ್ಲಿಷಿನಲ್ಲೇ ಕಾಗದ ಬರೆಯುತ್ತಿದ್ದಳು. ಅಭ್ಯಾಸಕ್ಕಿರಬೇಕು ಎಂದುಕೊಂಡ ಅಕ್ಕ ಕೆಂಪು ಶಾಯಿಯಲ್ಲಿ ತಿದ್ದಿ, ಒಳ್ಳೊಳ್ಳೆಯ ತಪ್ಪುಗಳನ್ನು ಚೀಟಿಗೆ ಇಳಿಸಿಕೊಂಡು, ಕಾಗದವನ್ನು ವಾಪಸು ಕಳಿಸುತ್ತಿದ್ದಳು. ಆ ಚೀಟಿಗಳು ಇಷ್ಟು ವರ್ಷವೂ ಒಂದು ಅಂಗಡಿಯವನ ನೋಟೀಸಿನ ಪಕ್ಕ, ಇನ್ನೊಂದು ಗುಮಾಸ್ತನ ಅರ್ಜಿಯ ಪಕ್ಕ ಚದುರಿಹೋಗಿದ್ದವು. ಈಗ ಮೂವತ್ತೊಂದೂ ಸಾಲಾಗಿ ನಿಂತವು.

“ಅವರು ನಿನ್ನೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾರೆ.” ಕೆಳಗೆ ಆಕೆಯದೇ ಅಕ್ಷರ: ನಿನ್ನೆ ಎಂದ ಮೇಲೆ ಹೋದರು ಎನ್ನಬೇಕು.

ಎರಡು ತಿಂಗಳ ನಂತರದ್ದು: “ಮಗುವಿನ ಮುಂದೆ ಹೊಡೆಯಬೇಡಿ ಎಂದು ಬೇಡಿಕೊಂಡೆ, ಮಗುವಿನ ಮುಂದೆ ಬೇಡ.” ಕೆಳಗೆ: ಹೇಳಿದ್ದನ್ನೇ ಎರಡು ಸಲ ಹೇಳಬೇಡಿ.

ಕೊನೆಯ ಚೀಟಿ: “ಮೆಟ್ಟಿಲು ಇಳಿಯುವಾಗ ಅವರು ನನ್ನ ಹಿಂದೆಯೇ ಬರುತ್ತಾರೆ ನಾನು ಗೋಡೆ ಹಿಡಿದುಕೊಳ್ಳುತ್ತೇನೆ ನೀನು ಒಂದು ಸಲ ಬಾ.” ಕೆಳಗೆ: ಒಂದೇ ಉಸಿರಿನ ವಾಕ್ಯ. ಮೂರಾಗಿ ಒಡೆಯಿರಿ.

ತಂಗಿಯ ಗಂಡನ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇರಲಿಲ್ಲ ಎಂಬುದು ಆಕೆಗೆ ಈಗ ಹೊಳೆಯಿತು. ಅಭ್ಯಾಸವಂತೆ, ಮಣ್ಣು! ಅಕ್ಕ ಒಬ್ಬಳಿಗೆ ಮಾತ್ರ ತಿಳಿಯಲಿ ಎಂದು, ಬಾರದ ಭಾಷೆಯಲ್ಲಿ ತಡವರಿಸಿ ಬರೆದಿದ್ದಳು ತಂಗಿ. ತಿದ್ದಿ ಕಳಿಸಿದ ಮಾತನ್ನೇ ಮುಂದಿನ ಕಾಗದದಲ್ಲಿ ಸರಿಯಾಗಿ ಬರೆದು ಮತ್ತೆ ಕಳಿಸುತ್ತಿದ್ದಳು. ತಪ್ಪಿರುವುದಕ್ಕೇ ಅಕ್ಕ ಬರುತ್ತಿಲ್ಲ ಎಂದುಕೊಂಡಿದ್ದಳೋ ಏನೋ.

ಬಾಗಿಲ ಬಳಿ ಚಪ್ಪಲಿಯ ಸದ್ದಾಯಿತು. ಚೀಟಿಗಳನ್ನು ಬಾಚಿ ಡ್ರಾಯರಿಗೆ ತುಂಬಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ನಾಚಿಕೆಗೆಟ್ಟ ಕೈ ಅದಕ್ಕೂ ಮುಂದಾಯಿತು. ಅಷ್ಟರಲ್ಲಿ ಒಳಗೆ ಬಂದ ಹುಡುಗಿ ತುದಿಯ ಚೀಟಿಯನ್ನು ಎತ್ತಿಕೊಂಡು ನಕ್ಕಳು.

“ಇದು ಇನ್ನೂ ಇದೆಯಾ ದೊಡ್ಡಮ್ಮ? ಕೈಪಿಡೀಲಿರೋ ಇದನ್ನ ಪ್ರತಿ ವರ್ಷ ಬೋರ್ಡ್ ಮೇಲೆ ಬರೆದು ಮಕ್ಕಳ ಕೈಲಿ ಮೂರಾಗಿ ಒಡೆಸ್ತೀನಿ.”

ಚಾಚಿದ್ದ ಕೈಯನ್ನು ದೊಡ್ಡಮ್ಮ ಹಿಂದಕ್ಕೆ ಎಳೆದುಕೊಂಡಳು. ಸುಳ್ಳಿಗೆ ನಾಲಿಗೆ ಏಳಲಿಲ್ಲ. “ಮೂಲೇಲಿ ಏನಿದೆ ನೋಡು. ತಂ ಅಂದ್ರೆ ತಂಗಿ. ನಿಮ್ಮಮ್ಮ ಹೇಳಿದ್ಲು ಕಣೇ. ನಾನು ತಿದ್ದಿ ವಾಪಸ್ ಕಳಿಸ್ದೆ.”

ಹುಡುಗಿಯ ನಗು ಮುಖದ ಮೇಲೆಯೇ ಉಳಿದುಹೋಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಮೊದಲ ತಾರೀಖಿನಿಂದ ಒಂದೊಂದೇ ಓದಿದಳು. ಮೂವತ್ತೊಂದು ಮುಗಿಯುವವರೆಗೂ ತಲೆ ಎತ್ತಲಿಲ್ಲ.

“ಇದಾದ್ಮೇಲೆ ಬರೀಲಿಲ್ವಾ?”

“ಒಂದು ಬರೆದ್ಲು. ಅದ್ರಲ್ಲಿ ಒಂದೂ ತಪ್ಪಿರ್ಲಿಲ್ಲ. ಅದಕ್ಕೆ ಚೀಟಿ ಮಾಡ್ಕೊಳ್ಲಿಲ್ಲ. ತುಂಬಾ ಚೆನ್ನಾಗಿದೆ ಅಂತ ಬರೆದು ಕಳಿಸ್ಬಿಟ್ಟೆ.”

ಅದರಲ್ಲಿ ಅಮ್ಮ ಏನು ಬರೆದಿದ್ದಳು ಎಂದು ಹುಡುಗಿ ಕೇಳಿದಳು. ಆಕೆಗೆ ಒಂದಕ್ಷರವೂ ನೆನಪಿರಲಿಲ್ಲ.