ಅತ್ತಿಗೆ ಒರೆಸಿಟ್ಟ ಫ್ಲಾಪಿ ಕಾರ್ಡುಗಳು

ಅತ್ತಿಗೆಗೆ ಧೂಳು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದೇ ಕೋಣೆಯಲ್ಲಿ ಅತ್ತ ಅವಳ ಹೊಲಿಗೆ ಯಂತ್ರ, ಇತ್ತ ಮೈದುನನ ಹಳೇ ಕಂಪ್ಯೂಟರ್ ರಿಪೇರಿಯ ಮೇಜು. ಅಂದು ಅವನು ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಮೂರು ಫ್ಲಾಪಿ ಕಾರ್ಡುಗಳನ್ನೂ ಸ್ಪಿರಿಟ್ ಹಚ್ಚಿ ಫಳಫಳ ಒರೆಸಿಟ್ಟಿದ್ದಳು.

"ಅತ್ತಿಗೇ! ಚಿಪ್ ಮೇಲಿದ್ದ ಚೀಟಿಗಳೆಲ್ಲಿ?"

"ಆ ಅಂಟಂಟು ಕೊಳಕಾ? ಕಿತ್ತು ಒಲೆಗೆ ಹಾಕ್ದೆ. ಹೊಗಳೋದೇನೂ ಬೇಡ ಬಿಡು."

ಮೈದುನ ತಲೆಯ ಮೇಲೆ ಕೈಹೊತ್ತು ಕುಳಿತ. ಫ್ಲಾಪಿ ಓದಿಸುವ ಈ ಕಾರ್ಡನ್ನು ಕಂಪನಿ ಮೂರು ಸಲ ತಿದ್ದಿ ತಯಾರಿಸಿತ್ತು. ಯಾವುದು ಎಷ್ಟನೆಯದೆಂದು ಹೇಳುತ್ತಿದ್ದುದು ಆ ಚೀಟಿ. ಕಾರ್ಡಿನ ಮೇಲೆ ಅಚ್ಚಾಗಿದ್ದ ನಂಬರು ಮೂರಕ್ಕೂ ಒಂದೇ. ಎದುರಿಗೆ ಸಂಗೀತದ ಮೇಷ್ಟ್ರು ತಮ್ಮ ಮುದಿ ಕಂಪ್ಯೂಟರನ್ನು ತಂದಿಟ್ಟು ಫ್ಲಾಪಿ ಹಿಡಿದು ಕಾದಿದ್ದರು. ಸಂಜೆಯ ಮಕ್ಕಳ ನಾಟಕದ ಹಾಡುಗಳೆಲ್ಲ ಅದರೊಳಗೇ. ಆ ಕಂಪ್ಯೂಟರಿಗೆ ಒಗ್ಗುವುದು ಮೊದಲನೆಯ ಕಾರ್ಡು ಮಾತ್ರ.

"ಒಂದೊಂದೇ ಹಾಕಿ ನೋಡಪ್ಪ," ಎಂದರು ಮೇಷ್ಟ್ರು.

"ತಪ್ಪು ಕಾರ್ಡು ಬಿದ್ರೆ ನಿಮ್ಮ ಕಂಪ್ಯೂಟರ್ ಹೊಗೆ ಬಿಡುತ್ತೆ ಮೇಷ್ಟ್ರೇ. ಆಮೇಲೆ ನಾಟಕಾನೂ ಇಲ್ಲ, ಏನೂ ಇಲ್ಲ."

ಒಂದು ಕಾರ್ಡಿನ ಬೆನ್ನಿಗೆ ನೀಲಿ ತಂತಿಯೊಂದು ಅಂಟಿಕೊಂಡಿತ್ತು. ಯಾರೋ ಅರೆಬರೆ ಕಲಿತವನ ರಿಪೇರಿ ಎನ್ನುತ್ತ ಅವನು ಅದನ್ನು ಆಚೆಗೆ ಸರಿಸಿದ. ಅತ್ತಿಗೆ ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಬಂದಳು. ಮುಖ ಸಪ್ಪಗಾಗಿತ್ತು.

"ಕೊಡಿಲ್ಲಿ... ಇದು ತೇಪೆ ಅಲ್ಲ ಕಣೋ, ಆಲ್ಟ್ರೇಷನ್! ತೇಪೆ ಹಾಕೋನು ಹೀಗೆ ಅಳತೆ ಹಿಡಿದು, ಮೂರು ಕಡೆ ಅಂಟಿಟ್ಟು ಕೂರಿಸ್ತಾನಾ? ಹೊಲಿದೋರೇ ತಿದ್ದಿರೋದು."

"ಅಂದ್ರೆ?"

"ಮೊದಲನೇ ಸಲ ಕತ್ತರಿಸೋವಾಗ ಎಡವಿದಾರೆ, ಮೇಲಿಂದ ತಂತಿ ಎಳೆದಿದಾರೆ. ಆಮೇಲಿಂದ ಕತ್ತರಿಸೋವಾಗ್ಲೇ ಸರಿ ಮಾಡ್ಕೊಂಡಿರ್ತಾರೆ. ನಾವೇನು ಮಾಡಲ್ವಾ?"

ಅವನು ಉಳಿದೆರಡನ್ನೂ ತಿರುವಿ ಭೂತಗನ್ನಡಿ ಹಿಡಿದ. ನೀಲಿ ತಂತಿ ಸೇರಿಸಿದ್ದ ಎರಡು ಚುಕ್ಕೆಗಳನ್ನೇ ಇಲ್ಲಿ ಅಚ್ಚುಕಟ್ಟಾದ ತಾಮ್ರದ ಗೆರೆ ಸೇರಿಸಿತ್ತು. ಎರಡರಲ್ಲೂ! ಹಾಗಾದರೆ ತಂತಿಯದೇ ಮೊದಲನೆಯದು.

ಅದನ್ನೇ ಮೇಷ್ಟ್ರ ಕಂಪ್ಯೂಟರಿನಲ್ಲಿ ಕೂರಿಸಿ ಸ್ವಿಚ್ ಒತ್ತಿದ. ಹೊಗೆ ಬರಲಿಲ್ಲ. ಫ್ಲಾಪಿ ಕಟಕಟ ಅಂದಿತು, ಗೊಣಗಿತು, ಪರದೆಯ ಮೇಲೆ ಹಾಡುಗಳು ಸಾಲಾಗಿ ಇಳಿದವು. ಮೇಷ್ಟ್ರು ನಿಂತಲ್ಲೇ ಮೊದಲ ಹಾಡನ್ನು ಗಟ್ಟಿಯಾಗಿ ಹಾಡತೊಡಗಿದರು. ಎದುರಂಗಡಿಯವನು ಹೊರಗೆ ಬಂದು ಇಣುಕಿದ.

"ಸಾಕು ಮೇಷ್ಟ್ರೇ," ಅತ್ತಿಗೆ ನಕ್ಕಳು, "ಸಂಜೆಗೂ ಒಂಚೂರು ಗಂಟಲು ಉಳಿಸ್ಕೊಳ್ಳಿ."